ಎರಡು ಚೀಟಿ ಅದಲುಬದಲಾದ ಬೇಸಿಗೆ

ಆ ಬೇಸಿಗೆಯಲ್ಲಿ ನನಗೆ ಇಪ್ಪತ್ತು ವರ್ಷ. ಹಿಮಾಯತ್‌ನಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಪದವಿಯ ಎರಡನೆಯ ವರ್ಷ ಮುಗಿಸಿದ್ದೆ. ಅದಕ್ಕೂ ಮೊದಲು ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿಗೆ ದಿನಾ ಎರಡು ಬಸ್ಸು ಬದಲಿಸಿ ಹೋಗಿ, ಎರಡು ಸಲ ಪರೀಕ್ಷೆ ಬರೆದು, ಎರಡು ಸಲವೂ ಡಾಕ್ಟರ್ ಸೀಟು ಸಿಗದೆ ಸುಮ್ಮನಾದವಳು. ಅಪ್ಪ ಬಾಲಾನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇಥ್ ಮಶೀನ್ ನಡೆಸುತ್ತಿದ್ದ. ಮದುವೆಗೆ ಮುಂಚೆಯೇ ಬಾಗಲಕೋಟೆ ಕಡೆಯಿಂದ ಬಂದು ಅಲ್ಲೇ ನೆಲೆ ನಿಂತವನು. ನನ್ನ ಸೀಟಿನ ವಿಷಯದಲ್ಲಿ ಅವನು ಒಂದು ಮಾತೂ ಆಡಿರಲಿಲ್ಲ. ಆದರೆ ನಮ್ಮ ಓಣಿಯ ಕನ್ನಡದವರು ಸೇರಿದಾಗ ಮಕ್ಕಳ ಓದಿನ ಮಾತು ಬಂದರೆ, ನೀರು ಕುಡಿಯುವ ನೆಪ ಮಾಡಿ ಒಳಗೆ ಎದ್ದು ಹೋಗುತ್ತಿದ್ದ.

ಕಾಲೇಜಿನ ಫಲಕದ ಮೇಲೆ ಮಾರ್ಚ್ ತಿಂಗಳಲ್ಲಿ ಒಂದು ಪ್ರಕಟಣೆ ಬಂತು. ನಗರದ ಅಂಚಿನಲ್ಲಿದ್ದ ಸಮುದ್ರ ಸಂಶೋಧನಾ ಕೇಂದ್ರವೊಂದು ಬೇಸಿಗೆ ರಜೆಯಲ್ಲಿ ಕೆಲವು ವಿದ್ಯಾರ್ಥಿಗಳನ್ನು ಎರಡು ತಿಂಗಳು ತೆಗೆದುಕೊಳ್ಳುತ್ತದೆ, ಒಬ್ಬೊಬ್ಬರನ್ನು ಒಬ್ಬೊಬ್ಬ ವಿಜ್ಞಾನಿಯ ಕೈಕೆಳಗೆ ಇಟ್ಟು ಸಂಶೋಧನೆ ಕಲಿಸುತ್ತದೆ ಎಂದು ಅದರಲ್ಲಿತ್ತು. ಸಮುದ್ರವೇ ಇಲ್ಲದ ಊರಿನಲ್ಲಿ ಎಂಥ ಸಮುದ್ರ ಸಂಶೋಧನೆ ಎಂದು ಗೆಳತಿಯರು ನಕ್ಕರು. ನಾನು ಅರ್ಜಿ ಹಾಕಿದೆ. ಆಯ್ಕೆಯಾದದ್ದು ತಿಳಿದ ದಿನ ಅಪ್ಪ ಆ ಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಎದುರು ಮನೆಗೆ ಹೋದ. ಅಲ್ಲಿ ಗುಲ್ಬರ್ಗಾ ಕಡೆಯ ಹಿರಿಯರೊಬ್ಬರಿದ್ದರು. ಓಣಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಅವರಿಗೆ ಒಂದು ಸುದ್ದಿ ಹೇಳಿದರೆ ಮೂರು ಓಣಿಗೆ ಹೇಳಿದಂತೆ.

ನಾನು ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ. ಎರಡು ತಿಂಗಳಲ್ಲಿ ಒಮ್ಮೆಯಾದರೂ ಹಡಗು ಹತ್ತಿಸುತ್ತಾರೆಂದು ಅಂದುಕೊಂಡಿದ್ದೆ. ಮೊದಲ ದಿನವೇ ಅದು ಸುಳ್ಳಾಯಿತು. ಸಮುದ್ರಕ್ಕೆ ಹೋಗುವ ಕೆಲಸ ಚಳಿಗಾಲದಲ್ಲೇ ಮುಗಿದಿತ್ತು. ಹಡಗಿನವರು ಬಲೆ ಎಳೆದು ತಂದದ್ದೆಲ್ಲ ಬಾಟಲಿಗಳಲ್ಲಿ ತುಂಬಿ, ನೆಲಮಾಳಿಗೆಯ ಶೀತಲ ಕೋಣೆಯಲ್ಲಿ ಸಾಲಾಗಿ ಕೂತಿತ್ತು. ಅದರ ಪಕ್ಕದ ಪ್ರಯೋಗಾಲಯವೇ ನನ್ನ ಜಾಗ. ಅದಕ್ಕೆ ಕಿಟಕಿ ಇರಲಿಲ್ಲ. ಬಾಗಿಲು ಕಾರ್ಡ್ ತೋರಿಸಿದರೆ ಮಾತ್ರ ತೆರೆಯುತ್ತಿತ್ತು, ನನಗೆ ಕೊಟ್ಟ ಕಾರ್ಡು ಬೆಳಗಿನ ಒಂಬತ್ತೂವರೆಗೆ ಮುಂಚೆ ಕೆಲಸ ಮಾಡುತ್ತಿರಲಿಲ್ಲ. ಫೋನನ್ನು ಹೊರಗಿನ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋಗಬೇಕು. ಪ್ರಾಣಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ವಾಸನೆ ಮೂಗಿಗಿಂತ ಮೊದಲು ಕಣ್ಣಿಗೆ ತಾಗುತ್ತಿತ್ತು. ಹೊರಗೆ ರಸ್ತೆಯ ಡಾಂಬರು ಕರಗುವ ಬಿಸಿಲು. ಒಳಗೆ ನಾನು ಅವ್ವನ ಸ್ವೆಟರ್ ಹಾಕಿಕೊಂಡು ಸೂಕ್ಷ್ಮದರ್ಶಕದ ಮೇಲೆ ಬಗ್ಗಿ, ಅಕ್ಕಿಯ ನುಚ್ಚಿಗಿಂತ ಚಿಕ್ಕ ಜೀವಿಗಳನ್ನು ಎಣಿಸುತ್ತಿದ್ದೆ. ಎಲ್ಲ ಸತ್ತಿದ್ದವು. ಸಂಜೆ ಕಣ್ಣು ಮುಚ್ಚಿದರೂ ಅವೇ ತೇಲುತ್ತಿದ್ದವು.

ನನಗೆ ಕಲಿಸಲು ನೇಮಿಸಿದ್ದ ವಿಜ್ಞಾನಿ ನಲವತ್ತು ದಾಟಿದ ಹೆಂಗಸು, ಕಾರವಾರದ ಕಡೆಯವರು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಮೊದಲ ವಾರ ಇಂಗ್ಲಿಷಿನಲ್ಲೇ ಮಾತಾಡಿದರು. ಒಂದು ಮಧ್ಯಾಹ್ನ ನಾನು ಹೊರಗೆ ನಿಂತು ಅವ್ವನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು, ಆಮೇಲೆ ಕನ್ನಡಕ್ಕೆ ತಿರುಗಿದರು. ಅಲ್ಲಿಂದ ನನ್ನನ್ನು ಊಟಕ್ಕೆ ತಮ್ಮ ಜೊತೆಯೇ ಕೂರಿಸಿಕೊಳ್ಳುತ್ತಿದ್ದರು. ಅವರ ಅಜ್ಜಿ ಮೀನು ಮಾರುತ್ತಿದ್ದರಂತೆ. ಮೀನಿನ ಹೊಟ್ಟೆ ಸೀಳಿ ಅದು ಏನು ತಿಂದಿದೆ ಎಂದು ನೋಡುವುದನ್ನು ತಾವು ಕಲಿತದ್ದು ಆ ಅಜ್ಜಿಯ ಮುಂದೆಯೇ ಎಂದು ಒಮ್ಮೆ ಹೇಳಿದರು.

ಪ್ರಯೋಗಾಲಯಕ್ಕೆ ಮೇಡಂ ಹಾಕಿದ್ದು ಒಂದೇ ಕಟ್ಟಾಜ್ಞೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮಾದರಿ ಇರಬೇಕು. ಹಡಗು ನಿಂತು ಬಲೆ ಎಳೆದ ಒಂದೊಂದು ಜಾಗಕ್ಕೂ ಒಂದೊಂದು ಬಾಟಲಿ ಇತ್ತು. ಬಾಟಲಿಯಲ್ಲಿದ್ದುದನ್ನು ಡೋಲಿನಂಥ ಸಣ್ಣ ಪಾತ್ರೆಯಲ್ಲಿ ತಿರುಗಿಸಿ ಎರಡು ಪಾಲು ಮಾಡಬೇಕು. ಒಂದು ಪಾಲು ಮತ್ತೆ ಅದೇ ಬಾಟಲಿಗೆ ಹೋಗಿ ಶೀತಲ ಕೋಣೆ ಸೇರುತ್ತದೆ, ಅದಕ್ಕೆ ಬೀಗ ಬೀಳುತ್ತದೆ. ಇನ್ನೊಂದು ಪಾಲು ಎಣಿಸುವುದಕ್ಕೆಂದು ಸಣ್ಣ ಶೀಶೆಗೆ. ಆ ಶೀಶೆಯೊಳಗೆ ಜಾಗದ ಗುರುತನ್ನು ಪೆನ್ಸಿಲಿನಲ್ಲಿ ಬರೆದ ಕಾಗದದ ಚೀಟಿಯೊಂದನ್ನು ಹಾಕಬೇಕು. ಶಾಯಿಯಾದರೆ ದ್ರವದಲ್ಲಿ ಅಳಿಸಿಹೋಗುತ್ತದೆ.

ಮೂರನೆಯ ವಾರದ ಒಂದು ಸಂಜೆ ನನಗೆ ಅವಸರವಿತ್ತು. ಆಕಾಶ ಕಪ್ಪಾಗಿದೆ, ಗಾಳಿಮಳೆ ಬರುವ ಮುಂಚೆ ಹೊರಡಿ ಎಂದು ಕಾವಲುಗಾರ ಹೇಳಿ ಹೋಗಿದ್ದ. ಮಳೆ ಬಂದರೆ ಬಾಲಾನಗರದ ದಾರಿಯಲ್ಲಿ ಶೇರ್ ಆಟೊಗಳು ನಿಂತುಬಿಡುತ್ತವೆ. ಬೇಗ ಮುಗಿಸೋಣವೆಂದು ಎರಡು ಬಾಟಲಿಗಳನ್ನು ಒಟ್ಟಿಗೆ ತೆಗೆದೆ. ಒಂದು ನದಿ ಸಮುದ್ರ ಸೇರುವ ಬಾಯಿಯದು, ಇನ್ನೊಂದು ದಂಡೆಯಿಂದ ಬಹು ದೂರದ ಆಳ ಕಡಲಿನದು. ಪಾಲು ಮಾಡಿ, ಒಂದಾದ ಮೇಲೆ ಒಂದು ಮುಗಿಸಿದವಳಂತೆ ಬಾಟಲಿಗಳನ್ನು ಮೇಡಂ ಕೈಗೆ ಕೊಟ್ಟು ಬಂದೆ. ಎರಡು ಶೀಶೆ ಮೇಜಿನ ಮೇಲಿದ್ದವು. ಎರಡು ಚೀಟಿ ಬರೆದು ಪಕ್ಕದ ತಟ್ಟೆಯಲ್ಲಿಟ್ಟಿದ್ದೆ. ಆಗ ಕರೆಂಟು ಹೋಯಿತು. ವಾಸನೆ ಹೊರಗೆಳೆಯುವ ಫ್ಯಾನು ನಿಂತರೆ ಒಳಗಿರಬಾರದು ಎಂಬುದು ನಿಯಮ. ಎಲ್ಲರನ್ನೂ ಹೊರಗೆ ಕಳಿಸಿದರು. ಅರ್ಧ ಗಂಟೆ ಮೆಟ್ಟಿಲ ಮೇಲೆ ಕೂತು ಒಳಗೆ ಬಂದಾಗ ಎರಡು ಶೀಶೆಗಳೂ ನನ್ನ ಮುಂದೆ ಒಂದೇ ಥರ ನಿಂತಿದ್ದವು. ಎಡಗಡೆಯದು ಯಾವುದು?

ನದಿಬಾಯಿಯದೇ ಎಡಕ್ಕಿತ್ತು ಎಂದುಕೊಂಡೆ. ಗಟ್ಟಿಯಾಗಿ ಗೊತ್ತಿರಲಿಲ್ಲ. ಮೇಡಂ ಇನ್ನೂ ಮೇಲಿನ ತಮ್ಮ ಕೋಣೆಯಲ್ಲಿದ್ದರು. ಹೋಗಿ ಕೇಳಿದ್ದರೆ ಬಾಟಲಿಯಲ್ಲಿ ಉಳಿದ ಪಾಲನ್ನು ತೆಗೆದು ತಾಳೆ ನೋಡಬಹುದಿತ್ತು. ಆದರೆ ಎರಡನ್ನು ಒಟ್ಟಿಗೆ ಯಾಕೆ ತೆಗೆದೆ ಎಂದು ಅವರು ಕೇಳುತ್ತಿದ್ದರು. ಚೀಟಿಗಳನ್ನು ಶೀಶೆಗಳೊಳಗೆ ಹಾಕಿ, ಮುಚ್ಚಳ ತಿರುಗಿಸಿ, ಮನೆಗೆ ಹೋದೆ. ಅದೊಂದು ಸಂಜೆ ಅಷ್ಟು ಸುಲಭವಾಗಿತ್ತು.

ಮುಂದಿನ ವಾರ ಆ ಶೀಶೆಗಳನ್ನು ಎಣಿಸಿದೆ. ಆಳ ಕಡಲಿನ ಚೀಟಿ ಇದ್ದ ಶೀಶೆಯಲ್ಲಿ ಏಡಿಯ ಮರಿಗಳು ತುಂಬಿದ್ದವು. ನೆತ್ತಿಯ ಮೇಲೊಂದು ಮುಳ್ಳು, ದೊಡ್ಡ ಕಣ್ಣು, ಬಾಗಿದ ಬಾಲ. ನದಿಬಾಯಿಯ ಸಪ್ಪೆ ನೀರಿನಲ್ಲಿ ಹುಟ್ಟುವ ಅವು ಅಷ್ಟು ದೂರದಲ್ಲಿ ಅಷ್ಟೊಂದು ಇರಬಾರದು. ನೋಡಿದ ಕೂಡಲೇ ನನಗೆ ಅರ್ಥವಾಯಿತು. ಲೆಕ್ಕದ ಹಾಳೆ ಹಿಡಿದು ಮೇಡಂ ಹತ್ತಿರ ಹೋಗುವಾಗ, ಅವರೇ ನೋಡಿ ಇದು ತಪ್ಪು ಅನ್ನಲಿ ಎಂದು ಬೇಡಿಕೊಂಡೆ. ಅವರು ಹಾಳೆ ನೋಡಿದರು, ಕೆಳಗೆ ಬಂದು ಶೀಶೆ ನೋಡಿದರು, ತಾವೇ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ಬಗ್ಗಿದರು. ತಲೆ ಎತ್ತಿದಾಗ ಅವರ ಮುಖದಲ್ಲಿ ಸಂತೋಷವಿತ್ತು. ಆ ವರ್ಷದ ಪ್ರವಾಹ ನದಿಯ ಮರಿಗಳನ್ನು ಯಾರೂ ಊಹಿಸದಷ್ಟು ದೂರ ಹೊತ್ತುಕೊಂಡು ಹೋಗಿರಬಹುದು ಎಂದರು. ಚೀಟಿಯ ಬಗ್ಗೆ ಕೇಳಲಿಲ್ಲ. ನನ್ನ ಕೈ ಕೆಲಸದ ಮೇಲೆ ಅವರಿಗೆ ಅಷ್ಟು ನಂಬಿಕೆ ಬಂದಿತ್ತು.

ಅಂದು ಸಂಜೆ ಅಪ್ಪ ಕೇಳಿದಾಗ, ಏನೋ ಹೊಸದು ಸಿಕ್ಕಿದೆ ಅಂತ ಮೇಡಂ ಅಂದರು ಎಂದಷ್ಟೇ ಹೇಳಿದೆ. ಅಪ್ಪನಿಗೆ ಅಷ್ಟು ಸಾಕಾಯಿತು. ಆ ಭಾನುವಾರ ನಮ್ಮ ಮನೆಯಲ್ಲಿ ನಾಲ್ಕು ಜನ ಸೇರಿದ್ದಾಗ, ನಾನು ಚಹಾದ ತಟ್ಟೆ ಹಿಡಿದು ನಿಂತಿರುವಾಗಲೇ ಅವನು ಕಾಕಾ ಕಡೆ ತಿರುಗಿ, "ಸಮುದ್ರದಾಗ ಏನೋ ಹೊಸಾದು ಕಂಡುಹಿಡದಾಳಂತ್ರಿ ನಮ್ಮಕಿ. ಇನ್ನೂ ಯಾರಿಗೂ ಗೊತ್ತಿಲ್ಲದ್ದಂತ" ಅಂದ. ಆವತ್ತು ಅವನು ನೀರು ಕುಡಿಯಲು ಏಳಲಿಲ್ಲ. ನಾನು ತಟ್ಟೆಯನ್ನು ಕೆಳಗಿಟ್ಟು ಅವನ ಪಕ್ಕದಲ್ಲಿ ಕೂತೆ. ಕೂತೇ ಇದ್ದೆ.

ಆಮೇಲಿನ ಮೂರು ವಾರ ಹೇಗೆ ಕಳೆದೆನೆಂದು ಈಗಲೂ ಸರಿಯಾಗಿ ಹೇಳಲಾರೆ. ಬೆಳಿಗ್ಗೆ ಕಾರ್ಡು ಒತ್ತಿದರೆ ಬಾಗಿಲು ಹಿಂದೆ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಮೇಡಂ, ಹೊರಗೆ ಅಪ್ಪ. ಮೇಡಂ ಪ್ರಬಂಧ ಬರೆಯಲು ಶುರು ಮಾಡಿ, ಅದರಲ್ಲಿ ನನ್ನ ಹೆಸರನ್ನೂ ಸೇರಿಸಿದ್ದರು. ಇಂದು ಹೇಳುತ್ತೇನೆ ಎಂದು ಮೆಟ್ಟಿಲು ಹತ್ತಿ, ಅವರು ಫೋನಿನಲ್ಲಿದ್ದರೆ ಸಮಾಧಾನದಿಂದ ಕೆಳಗಿಳಿಯುತ್ತಿದ್ದೆ. ಅನಾರೋಗ್ಯವೆಂದು ಬಿಟ್ಟುಬಿಡೋಣವೆಂದರೆ ಮನೆಯಲ್ಲಿ ಏನು ಹೇಳುವುದು? ನನ್ನ ಪಕ್ಕದ ಮೇಜಿನಲ್ಲಿ ನನ್ನಂತೆಯೇ ಬಂದಿದ್ದ ವಾರಂಗಲ್ಲಿನ ಹುಡುಗಿಯೊಬ್ಬಳಿದ್ದಳು. ಒಂದು ದಿನ ತಡೆಯಲಾರದೆ ಅವಳಿಗೆ ಹೇಳಿದೆ. ಅವಳು ಸುತ್ತ ನೋಡಿ, ತೆಲುಗಿನಲ್ಲಿ, ಬಿಟ್ಟುಬಿಡು, ಇನ್ನೊಂದು ತಿಂಗಳಿಗೆ ನಾವು ಇಲ್ಲಿರುವುದೇ ಇಲ್ಲ, ಯಾರಿಗೆ ತಿಳಿಯುತ್ತದೆ ಅಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನನಗೆ ಮಾತ್ರ ಅದರಿಂದ ಇನ್ನೊಂದು ಬಾಗಿಲು ಮುಚ್ಚಿದಂತಾಯಿತು. ಈಗ ನನ್ನ ಗುಟ್ಟು ಅವಳ ಹತ್ತಿರವೂ ಇತ್ತು.

ಕೊನೆಗೆ ನನ್ನನ್ನು ಅಲುಗಾಡಿಸಿದ್ದು ನನ್ನ ಒಳ್ಳೆಯತನವಲ್ಲ. ಹಡಗಿನಲ್ಲಿ ನೀರಿನ ಉಪ್ಪಿನಂಶ ಅಳೆಯುವ ಉಪಕರಣವನ್ನು ಕಡಲಿಗೆ ಇಳಿಸುವ ಕೆಲಸ ಒಬ್ಬ ಹಿರಿಯ ತಂತ್ರಜ್ಞರದು. ತೆಲುಗಿನವರು, ನಿವೃತ್ತಿಗೆ ಹತ್ತಿರವಾದವರು. ಅವರ ದಾಖಲೆಯ ಪ್ರಕಾರ ಆಳ ಕಡಲಿನ ಆ ಜಾಗದಲ್ಲಿ ನೀರು ಪೂರ್ತಿ ಉಪ್ಪಾಗಿತ್ತು. ನದಿಯ ನೀರು ಅಲ್ಲಿಗೆ ಬಂದ ಗುರುತೇ ಇರಲಿಲ್ಲ. ಹಾಗಾದರೆ ನದಿಬಾಯಿಯ ಮರಿಗಳು ಅಲ್ಲಿಗೆ ಹೇಗೆ ಬಂದವು? ಪ್ರಾಣಿಗಳು ಕಣ್ಣೆದುರಿಗೇ ಇವೆ. ಹಾಗಿದ್ದರೆ ತಪ್ಪಿದ್ದು ಉಪಕರಣ ಎಂದು ಮೇಡಂ ತೀರ್ಮಾನಿಸಿದರು. ಉಪಕರಣವನ್ನು ಸರಿಯಾಗಿ ಪರೀಕ್ಷಿಸಿ ಇಳಿಸಿದಿರಾ ಎಂದು ಆ ತಂತ್ರಜ್ಞರಿಗೆ ಬರಹದಲ್ಲಿ ವಿವರಣೆ ಕೇಳಿದರು.

ಅವರು ತಮ್ಮ ಹಳೆಯ ನೋಟುಪುಸ್ತಕಗಳನ್ನು ಹೊತ್ತುಕೊಂಡು ನಮ್ಮ ಪ್ರಯೋಗಾಲಯಕ್ಕೇ ಬಂದು ಕೂತರು. ಬೇರೆಲ್ಲೂ ಖಾಲಿ ಮೇಜು ಇರಲಿಲ್ಲ. ಮೂರು ದಿನ ನನ್ನ ಬೆನ್ನ ಹಿಂದೆ ಕೂತು, ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಮತ್ತೆ ಲೆಕ್ಕ ಹಾಕಿದರು. ಬಾಯಲ್ಲಿ ಸಣ್ಣಗೆ ಅಂಕಿಗಳನ್ನು ಹೇಳಿಕೊಳ್ಳುತ್ತಿದ್ದರು. ಎರಡನೆಯ ದಿನ ನನಗೂ ಒಂದು ಚಹಾ ತರಿಸಿ, ಹೊರಗೆ ಮೆಟ್ಟಿಲ ಹತ್ತಿರ ಕರೆದು ಕೊಟ್ಟರು. ಕುಡಿಯುತ್ತ, ಉಪಕರಣ ಸುಳ್ಳು ಹೇಳುತ್ತದೆ ಅಂತ ಇಷ್ಟು ವರ್ಷದಲ್ಲಿ ಯಾರೂ ಅಂದಿರಲಿಲ್ಲಮ್ಮಾ, ನನಗೇ ಕಣ್ಣು ಮಂಜಾಗಿ ತಪ್ಪು ಬರೆದೆನೋ ಏನೋ ಅಂದರು. ಅವರಿಗೆ ತಮ್ಮ ಮೇಲೆಯೇ ಅನುಮಾನ ಹುಟ್ಟಿತ್ತು. ಮೂರನೆಯ ದಿನ ಅವರು ಮೊದಲ ಪುಟದಿಂದ ಮತ್ತೆ ಶುರು ಮಾಡಿದಾಗ ಎದ್ದು ಮೇಲೆ ಹೋದೆ. ಮೇಡಂ ಫೋನಿನಲ್ಲಿದ್ದರು. ಈ ಸಲ ಬಾಗಿಲ ಹತ್ತಿರವೇ ನಿಂತೆ.

ಹೇಳಿ ಮುಗಿಸಲು ಎರಡು ನಿಮಿಷವೂ ಆಗಲಿಲ್ಲ. ಮುಗಿದ ಮೇಲೆ ಮೇಡಂ ಮೇಜಿನ ಮೇಲಿದ್ದ ಪ್ರಬಂಧದ ಹಾಳೆಗಳನ್ನು ಜೋಡಿಸಿ ಅಂಚು ಸರಿ ಮಾಡಿದರು.

"ಯಾವತ್ತಿಂದ ಗೊತ್ತು ನಿಂಗೆ?"

"ಎಣಿಸಿದ ದಿನದಿಂದ, ಮೇಡಂ."

"ಕೆಳಗೆ ಕೂತಿದ್ದಾರಲ್ಲ, ಅವರಿಗೆ ಹೇಳಿದ್ಯಾ?"

ಇಲ್ಲ ಎಂದು ತಲೆಯಾಡಿಸಿದೆ.

"ಮೊದಲು ಅವರಿಗೆ ಹೇಳಿ ಬಾ. ಶೀತಲ ಕೋಣೆ ಬೀಗ ಆಮೇಲೆ ತೆಗೆಯೋಣ."

ಕೆಳಗಿಳಿದು ತಂತ್ರಜ್ಞರ ಮುಂದೆ ನಿಂತು ತೆಲುಗಿನಲ್ಲಿ ಹೇಳಿದೆ. ತೆಲುಗು ನನಗೆ ಚೆನ್ನಾಗಿ ಬರುತ್ತದೆ, ಆದರೂ ಆವತ್ತು ಮಾತು ತಡವರಿಸಿತು. ಅವರು ಬೈಯುತ್ತಾರೆ, ಇಲ್ಲವೇ ಪರವಾಗಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಎರಡೂ ಮಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದು ಖಾಲಿ ಹಾಳೆಯನ್ನು ನನ್ನ ಕಡೆ ಸರಿಸಿ, ಬರೆದು ಕೊಡಮ್ಮಾ, ವಿವರಣೆ ಕೇಳಿದ ಪತ್ರ ನನ್ನ ಫೈಲಿನಲ್ಲಿ ಆಗಲೇ ಸೇರಿದೆ ಎಂದರು. ಬರೆದು ಸಹಿ ಮಾಡಿ ಕೊಟ್ಟೆ. ಅವರು ಎರಡು ಸಲ ಓದಿ, ಮಡಚಿ ನೋಟುಪುಸ್ತಕದೊಳಗಿಟ್ಟುಕೊಂಡು ಎದ್ದು ಹೋದರು. ಆಮೇಲೆ ಕಾರಿಡಾರಿನಲ್ಲಿ ಎದುರಾದಾಗ ನಾನು ನಮಸ್ಕಾರ ಮಾಡಿದರೆ ತಲೆಯಾಡಿಸುತ್ತಿದ್ದರು. ಅಷ್ಟೇ. ಮತ್ತೆ ಚಹಾಕ್ಕೆ ಕರೆಯಲಿಲ್ಲ.

ಮೇಡಂ ಶೀತಲ ಕೋಣೆಯ ಬೀಗ ತೆಗೆದು, ಎರಡು ಬಾಟಲಿಗಳಲ್ಲಿ ಉಳಿದಿದ್ದ ಪಾಲುಗಳನ್ನು ಒಂದಾದ ಮೇಲೆ ಒಂದರಂತೆ ತೆಗೆಸಿದರು. ನಾನು ಎಣಿಸಿದೆ, ಅವರು ಪಕ್ಕದಲ್ಲಿ ಕೂತು ಇನ್ನೊಮ್ಮೆ ಎಣಿಸಿದರು. ಮೂರು ದಿನ ಹಿಡಿಯಿತು. ಕೆಲಸಕ್ಕೆ ಬೇಕಾದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ, ಊಟಕ್ಕೆ ಅವರು ಒಬ್ಬರೇ ಹೋಗುತ್ತಿದ್ದರು. ಏಡಿಮರಿಗಳೆಲ್ಲ ನದಿಬಾಯಿಯ ಬಾಟಲಿಯಲ್ಲೇ ಇದ್ದವು. ಆಳ ಕಡಲಿನದರಲ್ಲಿ ಹುಡುಕಿದರೂ ಒಂದು ಸಿಗಲಿಲ್ಲ. ಚೀಟಿಗಳು ಅದಲುಬದಲಾಗಿದ್ದವು. ಪ್ರಬಂಧವನ್ನು ಅವರು ಕೈಬಿಟ್ಟರು. ಅದಕ್ಕೆ ಎಷ್ಟು ಸಂಜೆ ಕೊಟ್ಟಿದ್ದರೆಂದು ನನಗೆ ಗೊತ್ತಿತ್ತು, ಯಾಕೆಂದರೆ ಕೆಲವು ಸಂಜೆ ಅವರ ಪಕ್ಕದಲ್ಲಿ ನಾನೂ ಇದ್ದೆ.

ಕಾರ್ಯಕ್ರಮದ ಕೊನೆಯ ದಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕೆಲಸವನ್ನು ಎಲ್ಲರ ಮುಂದೆ ಹೇಳಬೇಕಿತ್ತು. ಎರಡು ಮಾದರಿಗಳ ಗುರುತು ತಪ್ಪಾಗಿ, ಮತ್ತೆ ಎಣಿಸಲಾಯಿತು ಎಂಬ ಸಾಲೂ ಅದರಲ್ಲಿರಬೇಕೆಂದು ಮೇಡಂ ಹೇಳಿದ್ದರು. ಸೇರಿಸಿದೆ. ಓದುವಾಗ ಸಭೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಅಪ್ಪ ಅರ್ಧ ದಿನದ ರಜೆ ಹಾಕಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಇಂಗ್ಲಿಷಿನಲ್ಲಿದ್ದುದು ಅವನಿಗೆ ತಿಳಿಯಲಿಲ್ಲ, ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಹೊರಗೆ ಬಂದು ಮೇಡಮ್ಮಿಗೆ ಕೈ ಮುಗಿದು, "ಹೆಂಗ ಮಾಡಿದ್ಲರಿ ನಮ್ಮ ಹುಡುಗಿ?" ಎಂದು ಕೇಳಿದ.

ಮೇಡಂ ನನ್ನ ಕಡೆ ಒಮ್ಮೆ ನೋಡಿ ಅವನಿಗೆ ಹೇಳಿದರು, "ಕೆಲಸ ಕಲಿತಿದ್ದಾಳೆ. ನಡುವೆ ಒಂದು ತಪ್ಪಾಯ್ತು. ಏನು ಅಂತ ಅವಳೇ ಹೇಳ್ತಾಳೆ."

ಮನೆಯ ದಾರಿಯಲ್ಲಿ ಆಟೊದಲ್ಲಿ ಇನ್ನೂ ಮೂವರಿದ್ದರು. ಇಳಿದು ಬಾಲಾನಗರದ ವರ್ಕ್‌ಶಾಪುಗಳ ಸಾಲಿನಲ್ಲಿ ನಡೆಯುವಾಗ ಎಲ್ಲವನ್ನೂ ಹೇಳಿದೆ. ಕಬ್ಬಿಣ ಕೊರೆಯುವ ಸದ್ದಿಗೆ ಎರಡು ಸಲ ಗಟ್ಟಿಯಾಗಿ ಹೇಳಬೇಕಾಯಿತು. ಅಪ್ಪ ನಿಂತ. ತಪ್ಪು ಮಾಡಿದ್ದಕ್ಕೆ ಅವನು ಏನೂ ಅನ್ನಲಿಲ್ಲ. ಅವನ ಕೈಯಲ್ಲೂ ಎಷ್ಟೋ ತುಂಡುಗಳು ಅಳತೆ ತಪ್ಪಿ ಗುಜರಿಗೆ ಹೋಗಿದ್ದವು.

"ನಾ ಮಂದಿ ಮುಂದ ಹೇಳಾಕತ್ತಾಗ ನೀ ಬಾಜೂಕ ಕುಂತಿದ್ದೆಲ್ಲ" ಅಂದ. "ಆವಾಗರ ಕೈ ಹಿಡದು ಸುಮ್ಮನಿರಿಸಬೇಕಿಲ್ಲೇನವಾ ನನ್ನ?"

ಎರಡು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಅವ್ವ ನಡುವೆ ನಿಂತು ಅವನ ಮಾತು ನನಗೆ, ನನ್ನ ಮಾತು ಅವನಿಗೆ ಮುಟ್ಟಿಸುತ್ತಿದ್ದಳು. ಒಂದೂವರೆ ಕೋಣೆಯ ಮನೆಯಲ್ಲಿ ಮಾತು ಬಿಟ್ಟು ಇರುವುದು ಎಷ್ಟು ಕಷ್ಟವೆಂದು ಇದ್ದವರಿಗೇ ಗೊತ್ತು. ಅವನು ಒಳಗೆ ಬಂದರೆ ನಾನು ಅಡುಗೆಮನೆಗೆ ಹೋಗುತ್ತಿದ್ದೆ, ಅಲ್ಲಿಂದ ಹೋಗಲು ಬೇರೆ ಜಾಗವಿರಲಿಲ್ಲ.

ಭಾನುವಾರ ಕಾಕಾ ಬಂದರು, ಜೊತೆಗೆ ಓಣಿಯ ಇನ್ನಿಬ್ಬರು. ಕೂತವರೇ ನನ್ನ ಸುದ್ದಿ ತೆಗೆದರು. ಪೇಪರಿನಲ್ಲಿ ಯಾವಾಗ ಬರುತ್ತದೆ, ಕನ್ನಡದವರ ಕೂಟದಲ್ಲಿ ಹುಡುಗಿಗೊಂದು ಶಾಲು ಹೊದಿಸೋಣ ಎಂದರು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ನಾನೇ ಹೊರಗೆ ಹೋಗಿ ಹೇಳಬೇಕೆಂದು ಒಂದು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಅಪ್ಪ ಶುರು ಮಾಡಿದ್ದ.

"ಶಾಲು ಬ್ಯಾಡ್ರಿ ಕಾಕಾ. ಹೊಸಾದೇನೂ ಸಿಕ್ಕಿಲ್ಲ. ಚೀಟಿ ಹಾಕೂದ್ರಾಗ ತಪ್ಪಾಗಿತ್ತು. ಆಕೀನ ಹೋಗಿ ಹೇಳ್ಯಾಳ, ಮತ್ತ ಎಣಿಸ್ಯಾರ. ನಾ ತಿಳೀದ ಮೊದ್ಲ ಬಡಾಯಿ ಕೊಚ್ಚಿದೆ."

ಒಬ್ಬರು ಅಯ್ಯೋ ಎಂದರು. ಕಾಕಾ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, ಆಗ್ತದ ಬಿಡ್ರಿ ಎಂದು, ತಮ್ಮ ಮಳಿಗೆಯ ಮುಂದೆ ಮೋರಿ ಅಗೆದು ಹದಿನೈದು ದಿನವಾದರೂ ಮುಚ್ಚದ ಕತೆ ತೆಗೆದರು. ಮಾತು ಅತ್ತ ಹೋಯಿತು. ಅಪ್ಪ ಅವರ ಎದುರಿಗೇ ಕೂತು ಕೇಳುತ್ತಿದ್ದ, ನಡುನಡುವೆ ಹೂಂ ಎನ್ನುತ್ತಿದ್ದ. ಅವನ ಕಿವಿಯ ತುದಿ ಕೆಂಪಾಗಿತ್ತು. ಅವ್ವ ನನ್ನ ಕೈಗೆ ಚುರುಮುರಿಯ ತಟ್ಟೆ ಕೊಟ್ಟು ಹೊರಗೆ ಕಳಿಸಿದಳು. ನಾನು ತಟ್ಟೆ ನಡುವೆ ಇಟ್ಟಾಗ ಅಪ್ಪ ತಲೆ ಎತ್ತದೆ, ಎರಡು ದಿನದ ನಂತರ ಮೊದಲ ಸಲ ನನಗೆ ನೇರವಾಗಿ, ಇನ್ನೊಂದು ಉಳ್ಳಾಗಡ್ಡಿ ಹೆಚ್ಚಿಕೊಂಡು ಬಾ ಎಂದ.